ಗಂಟು ಕಟ್ಟಿ ಬಣ್ಣ ಹಾಕಿದ ಹತ್ತಿ ಬಟ್ಟೆ: ಬಣ್ಣ ನಿಲ್ಲಿಸುವ ಬಗೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಗೃಹವಿಜ್ಞಾನ ವಿಸ್ತರಣಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಕಳೆದ ಎರಡು ದಿನಗಳಿಂದ ತಾವೆಲ್ಲರೂ ಬಟ್ಟೆಗೆ ಗಂಟು ಕಟ್ಟುವ ಕೆಲಸವನ್ನು ಕಲಿಯುತ್ತಿದ್ದೀರಿ. ಕಡಲೆಕಾಳು ಇಟ್ಟು ದಾರ ಸುತ್ತುವುದು, ನೆರಿಗೆ ಹಿಡಿದು ಬಿಗಿಯುವುದು, ಸೂಜಿದಾರದಿಂದ ಹೊಲಿದು ಎಳೆಯುವುದು, ಇವೆಲ್ಲ ತಮ್ಮ ಕೈಗೆ ಬೇಗನೆ ಹತ್ತಿವೆ. ದಿನವೂ ಹೂ ಕಟ್ಟುವ ಕೈಗೆ ಗಂಟು ಕಲಿಸುವುದು ಕಷ್ಟದ ಮಾತಲ್ಲ. ಕಚ್ಛ, ಜಾಮನಗರಗಳ ಬಾಂಧನಿಯೇ ಇರಲಿ, ಮಧುರೆಯ ಸುಂಗುಡಿ ಸೀರೆಯೇ ಇರಲಿ, ಅಲ್ಲಿಯೂ ಗಂಟು ಕಟ್ಟುವವರು ಬಹುಮಟ್ಟಿಗೆ ಮನೆಯಲ್ಲಿ ಕುಳಿತ ಹೆಂಗಸರೇ. ಆದರೆ ಅಲ್ಲಿ ಬಣ್ಣ ಹಾಕುವ ಕೆಲಸ ಅದರಲ್ಲೇ ನುರಿತ ಬಣ್ಣಗಾರರದು. ನಾವು ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಕೈಯಿಂದ ಮಾಡಹೊರಟಿದ್ದೇವೆ. ತೊಡಕು ಬರುವುದು ಇಲ್ಲಿಯೇ.

ಈ ದಿನ ಬಣ್ಣ ಬಿಡದಂತೆ ಮಾಡುವುದು ಹೇಗೆ ಎಂಬ ವಿಷಯವನ್ನು ಹೇಳಬೇಕಾಗಿದೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಶಿಬಿರದಲ್ಲಿ ಈ ಕೆಲಸವನ್ನು ಕಲಿಸಿದ್ದೆ. ಕೊನೆಗೆ ಒಬ್ಬರು, "ಬಣ್ಣ ಬಿಡದಂಗ ಏನ್ ಮಾಡಬೇಕ್ರಿ?" ಎಂದು ಕೇಳಿದರು. ನನಗೆ ಬಸ್ಸಿನ ಹೊತ್ತಾಗಿತ್ತು. ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ: ಬಣ್ಣ ಹಾಕಿದ ಮೇಲೆ ಉಪ್ಪು, ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ತಾಸು ನೆನೆಯಿಡಿ, ಆಮೇಲೆ ಬಿಸಿಲಿಗೆ ಹರವಿ, ಬಣ್ಣ ಗಟ್ಟಿಯಾಗುತ್ತದೆ. ಕೇಳಿದ ಹೆಣ್ಣುಮಗಳು ಆ ಮಾತನ್ನು ನಂಬಿದಳು. ತನ್ನ ಸ್ವಸಹಾಯ ಸಂಘದಿಂದ ಸಾಲ ತೆಗೆದು ಬಟ್ಟೆ ತಂದಳು. ಇಪ್ಪತ್ತೆರಡು ದುಪಟ್ಟಾಗಳಿಗೆ ಕೆಂಪು ಬಣ್ಣ ಹಾಕಿ ಊರ ಜಾತ್ರೆಯಲ್ಲಿ ಮಾರಿದಳು. ಎಂಟು ದಿನದೊಳಗೆ ಅವು ಒಂದೊಂದಾಗಿ ತಿರುಗಿ ಬಂದವು. ಒಂದು ದುಪಟ್ಟಾದ ಬಣ್ಣ ಮಗುವಿನ ಶಾಲೆಯ ಬಿಳಿ ಅಂಗಿಗಳಿಗೆ ಹತ್ತಿತ್ತು. ಇನ್ನೊಂದು, ಉಟ್ಟವಳ ಕುತ್ತಿಗೆಯನ್ನೇ ಕೆಂಪು ಮಾಡಿತ್ತು. ಕೇಳಿದವರಿಗೆಲ್ಲ ಆಕೆ ಹಣ ಹಿಂದಿರುಗಿಸಿದಳು. ಸಾಲವನ್ನು ಹಾಲು ಮಾರಿದ ದುಡ್ಡಿನಿಂದ ತೀರಿಸಿದಳು.

ಸಂತೆಯಲ್ಲಿ ಒಂದು ದಿನ ಸಿಕ್ಕಾಗ ಆಕೆ ನನ್ನನ್ನು ಬಯ್ಯಲಿಲ್ಲ. "ಅಕ್ಕೋರ, ನೀವು ಹೇಳಿದಂಗ ಉಪ್ಪಿನ ನೀರಾಗ ನೆನಿ ಇಟ್ಟಿದ್ನಿರಿ. ಮನ್ಯಾಗ ನೋಡಿದಾಗ ಒಂದ್ ಹನಿ ಬಣ್ಣ ಬಿಟ್ಟಿರಲಿಲ್ರಿ. ಅವರ ಮನಿಗೆ ಹೋಗಿ ಹ್ಯಾಂಗ ಬಿಟ್ಟಿತ್ರಿ?" ಎಂದಳು. ಅವಳು ಕೇಳಿದ ಈ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಬಣ್ಣದ ಡಬ್ಬಿಯನ್ನು ತರಿಸಿ ನೋಡಿದೆ. ಬಣ್ಣ ಸರಿಯಾದದ್ದೇ ಆಗಿತ್ತು. ಅಂಗಡಿಯವನು ಹೇಳಿದಂತೆ ಆಕೆ ಸೋಡವನ್ನೂ ಹಾಕಿದ್ದಳು. ಕೆಡಿಸಿದ್ದು ನನ್ನ ಉಪದೇಶ. ಹೇಗೆ ಎಂಬುದು ತಿಳಿಯಬೇಕಾದರೆ ಬಣ್ಣ ಬಟ್ಟೆಗೆ ಹಿಡಿಯುವ ರೀತಿಯನ್ನು ಸ್ವಲ್ಪ ನೋಡಬೇಕು.

ಬಣ್ಣ ಹಿಡಿಯುವ ಮೂರು ರೀತಿ

ಹತ್ತಿ ಬಟ್ಟೆಯಲ್ಲಿ ಬಣ್ಣ ನಿಲ್ಲುವುದು ಮುಖ್ಯವಾಗಿ ಮೂರು ರೀತಿಗಳಲ್ಲಿ. ಮೊದಲನೆಯದು ಸುಮ್ಮನೆ ಅಂಟಿಕೊಂಡಿರುವುದು. ಡೈರೆಕ್ಟ್ ಬಣ್ಣಗಳು ಎಂದು ಕರೆಯುವ ಬಣ್ಣಗಳು ಈ ಬಗೆಯವು. ಉಪ್ಪು ಹಾಕಿ ಕುದಿಸಿದರೆ ಎಳೆಯೊಳಗೆ ಸೇರಿ ಕೂಡುತ್ತವೆ, ಒಗೆದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಎದ್ದು ಹೊರಡುತ್ತವೆ. ಗೂಟವಿಲ್ಲದೆ ಹೊಲದಲ್ಲಿ ಬಿಟ್ಟ ದನದಂತೆ ಇವುಗಳ ಸ್ಥಿತಿ. ಮೇವಿರುವತನಕ ನಿಲ್ಲುತ್ತದೆ, ಆಮೇಲೆ ನಿಲ್ಲುವುದಿಲ್ಲ. ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಸಿಕ್ಕುವ ಸಣ್ಣ ಬಣ್ಣದ ಪೊಟ್ಟಣಗಳಲ್ಲಿ ಎಷ್ಟೋ ಈ ಜಾತಿಯವು. ಪೊಟ್ಟಣದ ಮೇಲೆ "ಉಪ್ಪು ಹಾಕಿ ಕುದಿಸಿರಿ" ಎಂದಷ್ಟೇ ಬರೆದಿದ್ದು ಸೋಡದ ಮಾತೇ ಇಲ್ಲದಿದ್ದರೆ ಅದು ಡೈರೆಕ್ಟ್ ಬಣ್ಣವೆಂದು ಊಹಿಸಬಹುದು.

ಎರಡನೆಯ ರೀತಿ, ಎಳೆಯ ಒಳಗೆ ಹೊಕ್ಕ ಬಣ್ಣ ಅಲ್ಲಿಯೇ ನೀರಿನಲ್ಲಿ ಕರಗದ ಪದಾರ್ಥವಾಗಿ ಮಾರ್ಪಡುವುದು. ನೀಲಿ ಗಿಡದ ಬಣ್ಣ ಇದಕ್ಕೆ ಉತ್ತಮ ಉದಾಹರಣೆ. ನಮ್ಮ ಕಡೆಯ ನೀಲಗಾರರು ತಲೆತಲಾಂತರದಿಂದ ಮಾಡುತ್ತಿದ್ದ ಕೆಲಸ ಇದು. ಬಟ್ಟೆಯನ್ನು ನೀಲಿಯ ಹರಿವೆಯಿಂದ ಎತ್ತಿದಾಗ ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಒಮ್ಮೆ ನೀಲಿಯಾದ ಮೇಲೆ ಅದು ನೀರಿಗೆ ಕರಗುವುದಿಲ್ಲ. ವ್ಯಾಟ್ ಬಣ್ಣ, ನ್ಯಾಫ್ತಾಲ್ ಬಣ್ಣಗಳೂ ಹೆಚ್ಚು ಕಡಿಮೆ ಇದೇ ತತ್ತ್ವದವು. ಆದರೆ ಇವುಗಳಿಗೆ ಕಾಸ್ಟಿಕ್ ಸೋಡ ಬೇಕು. ನ್ಯಾಫ್ತಾಲಿಗೆ ಇನ್ನೂ ಕೆಲವು ಅಪಾಯಕರ ರಾಸಾಯನಿಕಗಳು ಬೇಕು. ಹಿಂದೆ ತರಬೇತಿಗಳಲ್ಲಿ ನಾವೇ ಇವನ್ನು ಕಲಿಸುತ್ತಿದ್ದುದುಂಟು. ಅಡಿಗೆಮನೆಯ ಪಕ್ಕದಲ್ಲಿ, ಮಕ್ಕಳು ಓಡಾಡುವ ಅಂಗಳದಲ್ಲಿ ಈ ಕೆಲಸ ಬೇಡವೆಂದು ಈಗ ಸ್ಪಷ್ಟವಾಗಿ ಹೇಳುತ್ತೇನೆ. ಕ್ಯಾನ್ಸರ್ ತರಬಲ್ಲ ಪದಾರ್ಥಗಳು ಹುಟ್ಟುವ ಕೆಲವು ಅಜೋ ಬಣ್ಣಗಳನ್ನು ಕೇಂದ್ರ ಸರ್ಕಾರ 1997ರಲ್ಲಿ ನಿಷೇಧಿಸಿದೆ. ಹೆಸರು, ಜಾತಿ ಯಾವುದೂ ಇಲ್ಲದ ಬಿಡಿ ಪುಡಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬರಬಾರದು ಎನ್ನಲು ಇದೂ ಒಂದು ಕಾರಣ.

ಮೂರನೆಯ ರೀತಿಯೇ ನಮಗೆ ಬೇಕಾದದ್ದು. ಇದರಲ್ಲಿ ಬಣ್ಣ ಹತ್ತಿಯ ಎಳೆಯೊಡನೆ ರಾಸಾಯನಿಕವಾಗಿ ಕೂಡಿಕೊಂಡು ಒಂದೇ ಆಗುತ್ತದೆ. ಇವಕ್ಕೆ ರಿಯಾಕ್ಟಿವ್ ಬಣ್ಣಗಳೆಂದು ಹೆಸರು. ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ರಾಟೀ ಮತ್ತು ಸ್ಟೀಫನ್ ಎಂಬ ರಸಾಯನಶಾಸ್ತ್ರಜ್ಞರು ಇವನ್ನು ಕಂಡುಹಿಡಿದರು. 1956ರಲ್ಲಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಇವು ಮೊದಲು ಮಾರುಕಟ್ಟೆಗೆ ಬಂದವು. ಈಗ ನಮ್ಮ ದೇಶದಲ್ಲಿಯೇ ಹಲವು ಕಂಪನಿಗಳು ತಯಾರಿಸುತ್ತವೆ. ಇವುಗಳಲ್ಲಿ ತಣ್ಣೀರಿನಲ್ಲಿಯೇ ಹಿಡಿಯುವ ಬಣ್ಣಗಳನ್ನು ವ್ಯಾಪಾರಿಗಳು ಕೋಲ್ಡ್ ಬ್ರಾಂಡ್ ಎನ್ನುತ್ತಾರೆ. ಅಂಗಡಿಯಲ್ಲಿ "ಹತ್ತಿ ಬಟ್ಟೆಗೆ ಕೋಲ್ಡ್ ಬ್ರಾಂಡ್ ರಿಯಾಕ್ಟಿವ್ ಬಣ್ಣ ಕೊಡಿ" ಎಂದು ಕೇಳಿ, ಡಬ್ಬಿಯ ಮೇಲೆ ಹಾಗೆ ಇದೆಯೇ ಎಂದು ಓದಿ ನೋಡಿ ತರಬೇಕು. ಬಿಸಿನೀರಿನಲ್ಲಿ ಹಿಡಿಯುವ ಹಾಟ್ ಬ್ರಾಂಡ್ ಬಣ್ಣವನ್ನು ತಂದು ತಣ್ಣೀರಿನಲ್ಲಿ ಹಾಕಿದರೆ ಕೆಲಸ ಕೆಡುತ್ತದೆ.

ಮಾವಿನ ಕಸಿಯನ್ನು ತಾವೆಲ್ಲ ಬಲ್ಲಿರಿ. ಕುಡಿಯನ್ನು ಗಿಡದ ಹತ್ತಿರ ತಂದು ಹೊಂದಿಸಬೇಕು, ಕಟ್ಟಬೇಕು, ಹತ್ತುವ ತನಕ ಒಣಗದಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಾಯಬೇಕು. ಈ ಬಣ್ಣದ ಕೆಲಸವೂ ಹಾಗೆಯೇ. ನೀರಿನಲ್ಲಿ ತೇಲುತ್ತಿರುವ ಬಣ್ಣವನ್ನು ಎಳೆಯ ಹತ್ತಿರ ದೂಡುವುದು ಉಪ್ಪು. ಅಷ್ಟೇ ಅದರ ಕೆಲಸ. ಎಳೆಗೂ ಬಣ್ಣಕ್ಕೂ ಬೆಸುಗೆ ಹಾಕಿಸುವುದು ಸೋಡ. ಆ ಬೆಸುಗೆ ಪೂರ್ಣವಾಗಲು ಬೇಕಾದದ್ದು ತೇವ ಮತ್ತು ಹೊತ್ತು.

ಒಂದು ತೊಂದರೆಯಿದೆ. ಸೋಡ ಬಿದ್ದೊಡನೆ ಬಣ್ಣ ಹತ್ತಿಯೊಡನೆ ಕೂಡುವಂತೆಯೇ ನೀರಿನೊಡನೆಯೂ ಕೂಡಲಾರಂಭಿಸುತ್ತದೆ. ನೀರಿನೊಡನೆ ಕೂಡಿದ ಬಣ್ಣ ಸತ್ತಂತೆ. ನೀರು ಕಂಡ ಸಿಮೆಂಟು ನಾಳೆಗೆ ಬಾರದು, ಸೋಡ ಕಂಡ ಬಣ್ಣವೂ ಹಾಗೆಯೇ ನಾಳೆಗೆ ಬಾರದು. ಹಾಕಿದ ಬಣ್ಣದಲ್ಲಿ ಗಣನೀಯ ಪಾಲು, ಕೆಲವು ಸಲ ಮೂರರಲ್ಲಿ ಒಂದು ಪಾಲಿನಷ್ಟು, ಹೀಗೆ ಸತ್ತುಹೋಗುತ್ತದೆ. ಆದರೆ ಸತ್ತ ಬಣ್ಣಕ್ಕೂ ಕೆಂಪು ಕೆಂಪೇ. ಅದು ಬಟ್ಟೆಯ ಎಳೆಗಳ ನಡುವೆ ಸುಮ್ಮನೆ ಕುಳಿತಿರುತ್ತದೆ, ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ನಾವು ಬಣ್ಣ ಬಿಟ್ಟಿತು ಎಂದು ಗೋಳಾಡುವುದು ಬಹಳ ಸಲ ಈ ಸತ್ತ ಬಣ್ಣ ಹೊರಬಂದಾಗ. ಗಟ್ಟಿ ಹಿಡಿದ ಬಣ್ಣ ಬಟ್ಟೆಯಲ್ಲಿಯೇ ಇರುತ್ತದೆ.

ಈಗ ಆ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಹೇಳಬಹುದು. ಆಕೆ ಸೋಡ ಹಾಕಿ ಸ್ವಲ್ಪ ಹೊತ್ತಿಗೇ ಬಟ್ಟೆ ತೆಗೆದು, ನನ್ನ ಮಾತಿನಂತೆ ವಿನೆಗರ್ ನೀರಿಗೆ ಹಾಕಿದಳು. ವಿನೆಗರ್ ಹುಳಿ, ಸೋಡ ಅದಕ್ಕೆ ವಿರುದ್ಧ. ಒಂದು ಇನ್ನೊಂದನ್ನು ಕೊಲ್ಲುತ್ತದೆ. ಬೆಸುಗೆ ಅಲ್ಲಿಗೇ ನಿಂತಿತು. ವಿನೆಗರ್ ಬೇಕಾಗುವುದು ಉಣ್ಣೆ, ರೇಷ್ಮೆಗಳಿಗೆ ಹಾಕುವ ಆಮ್ಲ ಬಣ್ಣಗಳಿಗೆ, ಹತ್ತಿಗಲ್ಲ. ಮೇಲಾಗಿ ಬಿಸಿಲಿಗೆ ಹರವಿದಳು. ಒಣಗಿದ ಬಟ್ಟೆಯಲ್ಲಿ ಬಣ್ಣ ಹಿಡಿಯುವ ಕ್ರಿಯೆ ನಡೆಯುವುದಿಲ್ಲ. ಬಿಸಿಲು ಬಣ್ಣವನ್ನು ಗಟ್ಟಿಮಾಡುತ್ತದೆ ಎಂಬುದು ತಪ್ಪು ತಿಳುವಳಿಕೆ.

ಇನ್ನು ಉಪ್ಪು. ಉಪ್ಪು ಬಣ್ಣವನ್ನು ಎಳೆಯತ್ತ ದೂಡುತ್ತದೆ ಎಂದೆನಲ್ಲ. ಆದುದರಿಂದ ಉಪ್ಪುನೀರಿನಲ್ಲಿ ನೆನೆಯಿಟ್ಟಾಗ ಸತ್ತ ಬಣ್ಣವೂ ಬಟ್ಟೆಯನ್ನು ಬಿಟ್ಟು ಬರುವುದಿಲ್ಲ. ನೀರು ತಿಳಿಯಾಗಿಯೇ ಉಳಿಯುತ್ತದೆ. ಆಕೆ ಅದನ್ನು ನೋಡಿ ಬಣ್ಣ ನಿಂತಿತೆಂದು ನಂಬಿದಳು. ಕೊಂಡವರ ಮನೆಯ ಬಕೀಟಿನಲ್ಲಿ ಉಪ್ಪಿರಲಿಲ್ಲ, ಸಾಬೂನು ಇತ್ತು. ಮನೆಯಲ್ಲಿ ಬಿಡದ ಬಣ್ಣ ಅಲ್ಲಿ ಬಿಟ್ಟಿತು. ಉಪ್ಪುನೀರು ಬಣ್ಣವನ್ನು ನಿಲ್ಲಿಸಲಿಲ್ಲ, ಒಂದೆರಡು ದಿನ ಬಚ್ಚಿಟ್ಟಿತು, ಅಷ್ಟೆ.

ಬಟ್ಟೆಯನ್ನು ಸಿದ್ಧಪಡಿಸುವುದು

ಬಟ್ಟೆ ಪೂರ್ಣ ಹತ್ತಿಯದೇ ಆಗಿರಬೇಕು. ಟೆರಿಕಾಟಿಗೆ ಈ ಬಣ್ಣ ಅರೆಬರೆಯಾಗಿ ಹಿಡಿಯುತ್ತದೆ. ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಎಳೆದು ಸುಟ್ಟು ನೋಡಬೇಕು. ಹತ್ತಿ ಕಾಗದದಂತೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮೆತ್ತನೆಯ ಬೂದಿಯಾಗುತ್ತದೆ. ಟೆರಿಲಿನ್ ಕರಗಿ ಗಟ್ಟಿ ಗುಂಡಾಗುತ್ತದೆ.

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಕೋರಾ ಬಟ್ಟೆಯಾದರೆ ಹತ್ತಿಯ ಸ್ವಾಭಾವಿಕ ಮೇಣವೂ ಇರುತ್ತದೆ. ಇವೆರಡೂ ಬಣ್ಣವನ್ನು ಎಳೆಯ ಹತ್ತಿರ ಬರಗೊಡುವುದಿಲ್ಲ. ಬಣ್ಣ ಗಂಜಿಗೇ ಹಿಡಿದರೆ ಮೊದಲ ಒಗೆತದಲ್ಲಿ ಗಂಜಿಯೊಡನೆ ಬಣ್ಣವೂ ಹೋಗುತ್ತದೆ. ಆದುದರಿಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಸ್ವಲ್ಪ ಸೋಡ ಮತ್ತು ಒಗೆಯುವ ಪುಡಿ ಹಾಕಿದ ನೀರಿನಲ್ಲಿ ಅರ್ಧ ತಾಸು ಕುದಿಸಿ, ಚೆನ್ನಾಗಿ ಜಾಲಿಸಿ ಒಣಗಿಸಬೇಕು. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಒಡನೆ ಇಂಗಿದರೆ ಬಟ್ಟೆ ಸಿದ್ಧ. ಮುತ್ತಿನಂತೆ ಮೇಲೆಯೇ ನಿಂತರೆ ಇನ್ನೊಮ್ಮೆ ಕುದಿಸಬೇಕು. ಈ ಕೆಲಸಕ್ಕೆ ಸೋಮಾರಿತನ ಮಾಡುವವರೇ ಹೆಚ್ಚು, ಆಮೇಲೆ ದೂರುವುದು ಬಣ್ಣವನ್ನು.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಕೊಳವೆ ಬಾವಿಯ ನೀರು ಬಹಳ ಗಡಸು. ಸಾಬೂನು ಹಚ್ಚಿದರೆ ನೊರೆ ಬಾರದೆ ಒಡೆದು ಬಿಳಿಯ ಕರಕಲು ಏಳುತ್ತದೆ. ಇಂಥ ನೀರಿನಲ್ಲಿರುವ ಸುಣ್ಣದ ಅಂಶ ಬಣ್ಣವನ್ನೂ ಒಡೆಯುತ್ತದೆ, ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತವೆ. ಬಣ್ಣ ಕಲಸಲಾದರೂ ಹಿಡಿದಿಟ್ಟ ಮಳೆನೀರು ಅಥವಾ ಕೆರೆಯ ಸಿಹಿನೀರನ್ನು ಬಳಸುವುದು ಮೇಲು.

ಸೋಡದಲ್ಲಿಯೂ ಜನ ಮೋಸ ಹೋಗುತ್ತಾರೆ. ಅಡಿಗೆ ಸೋಡ ಬೇರೆ, ಒಗೆಯುವ ಸೋಡ ಬೇರೆ. ಅಡಿಗೆ ಸೋಡಕ್ಕೆ ಈ ಬಣ್ಣವನ್ನು ತಣ್ಣೀರಿನಲ್ಲಿ ಹಿಡಿಸುವಷ್ಟು ಕ್ಷಾರ ಶಕ್ತಿಯಿಲ್ಲ. ಬೇಕಾದದ್ದು ಸೋಡ ಆ್ಯಶ್ ಎಂಬ ಒಣ ಬಿಳಿ ಪುಡಿ. ಕಲ್ಲುಸಕ್ಕರೆಯಂತೆ ಹರಳಾಗಿ ಸಿಕ್ಕುವ ಒಗೆಯುವ ಸೋಡವೂ ನಡೆಯುತ್ತದೆ. ಆದರೆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಯ ನೀರು. ಪುಡಿ 100 ಗ್ರಾಂ ಬೇಕಾದಲ್ಲಿ ಹರಳು ಸುಮಾರು 270 ಗ್ರಾಂ ಹಾಕಬೇಕು. ಎರಡನ್ನೂ ಒಂದೇ ಅಳತೆಯಲ್ಲಿ ಹಾಕಿ ಬಣ್ಣ ಸೋತು ಹೋದ ಎಷ್ಟೋ ಉದಾಹರಣೆಗಳನ್ನು ನಾನು ನೋಡಿದ್ದೇನೆ.

ಬಣ್ಣ ಹಾಕುವುದು

ಒಂದು ಹತ್ತಿ ಸೀರೆ ಅಥವಾ ನಾಲ್ಕೈದು ದುಪಟ್ಟಾ, ಅಂದರೆ ಒಣಗಿದಾಗ ಸುಮಾರು ಅರ್ಧ ಕಿಲೋ ತೂಗುವ ಬಟ್ಟೆಗೆ ಲೆಕ್ಕ ಹೇಳುತ್ತೇನೆ. ನೀರು 10 ಲೀಟರ್, ಬಣ್ಣ 15 ಗ್ರಾಂ, ಉಪ್ಪು 500 ಗ್ರಾಂ, ಸೋಡ ಆ್ಯಶ್ 100 ಗ್ರಾಂ. ತಿಳಿ ಬಣ್ಣಕ್ಕೆ 5 ಗ್ರಾಂ ಸಾಕು. ಕಪ್ಪಿಗೆ 30 ಗ್ರಾಂ ಬೇಕಾಗಬಹುದು. ಚಮಚೆಯ ಅಳತೆ ಬೇಡ, ತೂಗಿಯೇ ಹಾಕಬೇಕು. ಪಾತ್ರೆ ಸ್ಟೀಲು, ಎನಾಮಲ್ ಇಲ್ಲವೆ ಪ್ಲಾಸ್ಟಿಕ್ಕಿನದಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡ ತಿನ್ನುತ್ತದೆ. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ಒಯ್ಯಬಾರದು.

ಗಂಟು ಕಟ್ಟಿದ ಬಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಅದ್ದಿ ಹಿಂಡಿರಿ. ಗಂಟಿನೊಳಗೆ ನೀರು ತುಂಬಿದ್ದರೆ ಬಣ್ಣ ಅಲ್ಲಿಗೆ ನುಗ್ಗುವುದು ಕಡಿಮೆ, ಚುಕ್ಕಿಗಳು ಸ್ವಚ್ಛವಾಗಿ ಬರುತ್ತವೆ. ಬಣ್ಣದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ರಾಗಿ ಅಂಬಲಿಗೆ ಹಿಟ್ಟು ಕಲಸುವಂತೆ ಗಂಟಿಲ್ಲದೆ ಕಲಸಿ, ಆಮೇಲೆ 10 ಲೀಟರ್ ನೀರಿಗೆ ಸೇರಿಸಿ, ಬಟ್ಟೆ ಹಾಕಿ ತಿರುವಿರಿ. ಉಪ್ಪನ್ನು ಮೂರು ಪಾಲು ಮಾಡಿ, ಐದೈದು ನಿಮಿಷಕ್ಕೆ ಒಂದೊಂದು ಪಾಲು ಹಾಕಬೇಕು. ಉಪ್ಪು ಹಾಕುವಾಗಲೆಲ್ಲ ಬಟ್ಟೆಯನ್ನು ಒಂದು ಬದಿಗೆ ಎತ್ತಿ ಹಿಡಿಯಬೇಕು, ನೇರವಾಗಿ ಬಟ್ಟೆಯ ಮೇಲೆ ಸುರಿಯಬಾರದು. ಅರ್ಧ ತಾಸಾದ ಮೇಲೆ ಸೋಡವನ್ನು ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಅದೇ ರೀತಿ ಎರಡು ಸಲಕ್ಕೆ ಸೇರಿಸಿರಿ. ಅಲ್ಲಿಂದ ಒಂದು ತಾಸು, ಮಧ್ಯೆ ಮಧ್ಯೆ ಬಟ್ಟೆ ತಿರುವುತ್ತಿರಬೇಕು. ಈ ಒಂದು ತಾಸೇ ನಿಜವಾಗಿ ಬಣ್ಣ ನಿಲ್ಲುವ ಹೊತ್ತು. ಚಳಿಗಾಲದಲ್ಲಿ ನೀರು ಕೊರೆಯುವಂತಿದ್ದರೆ ಸ್ವಲ್ಪ ಬಿಸಿನೀರು ಬೆರೆಸಿ ಕೈಗೆ ಬೆಚ್ಚಗೆನಿಸುವಂತೆ ಮಾಡಿಕೊಳ್ಳಿ.

ಒಂದೇ ಬಟ್ಟೆಯಲ್ಲಿ ಮೂರು ನಾಲ್ಕು ಬಣ್ಣ ಬೇಕೆನ್ನುವವರು ಬೇರೆ ರೀತಿಯಲ್ಲಿ ಮಾಡಬಹುದು. ಒಂದು ಲೀಟರ್ ನೀರಿಗೆ 60 ಗ್ರಾಂ ಸೋಡ ಆ್ಯಶ್ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಕಾಲು ತಾಸು ನೆನೆಯಿಟ್ಟು ಹಿಂಡಿ ಗಂಟು ಕಟ್ಟಬೇಕು. ಬಣ್ಣವನ್ನು ಗಟ್ಟಿಯಾಗಿ, ಅಂದರೆ ಕಾಲು ಲೀಟರಿಗೆ 5 ಗ್ರಾಂ ಪ್ರಮಾಣದಲ್ಲಿ ಕಲಸಿ, ಬೇಕಾದ ಕಡೆ ಬೇಕಾದ ಬಣ್ಣ ಹನಿಸಬೇಕು. ಆಮೇಲೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಮನೆಯೊಳಗೆ ಇಡಬೇಕು. ಕಸಿಗೆ ಸುತ್ತುವ ಪಟ್ಟಿಯ ಕೆಲಸವನ್ನೇ ಈ ಚೀಲ ಮಾಡುತ್ತದೆ. ಈ ವಿಧಾನಕ್ಕೆ ಉಪ್ಪು ಬೇಡ. ಕೆಲವರು ತೇವ ಆರದಿರಲೆಂದು ಬಣ್ಣದ ನೀರಿಗೆ ಯೂರಿಯಾ ಸೇರಿಸುತ್ತಾರೆ. ಯೂರಿಯಾ ಎಂದೊಡನೆ ತಾವು ಗೊಬ್ಬರದ ಚೀಲದತ್ತ ನೋಡುವುದು ಸಹಜ. ಆದರೆ 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವಿರುತ್ತದೆ. ಆ ಎಣ್ಣೆ ಹೊಲಕ್ಕೆ ಒಳ್ಳೆಯದು, ಬಟ್ಟೆಗಲ್ಲ. ಚೀಲ ಬಿಗಿಯಾಗಿದ್ದರೆ ಯೂರಿಯಾ ಇಲ್ಲದೆಯೂ ಕೆಲಸ ಸಾಗುತ್ತದೆ.

ಬಣ್ಣದ ಪುಡಿಯನ್ನು ಕೈಯಾಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ರಬ್ಬರ್ ಗವಸು ಹಾಕಿಕೊಳ್ಳಬೇಕು. ಫ್ಯಾನು ಹಾಕಬಾರದು. ಈ ಪುಡಿ ಉಸಿರಿನೊಡನೆ ಹೋದರೆ ಕೆಲವರಿಗೆ ಉಬ್ಬಸ ಹತ್ತುತ್ತದೆ. ಒಮ್ಮೆ ಹತ್ತಿದರೆ ಮುಂದೆ ಸ್ವಲ್ಪ ಪುಡಿಗೂ ಕೆರಳುತ್ತದೆ. ಬಸುರಿಯರು ಪುಡಿ ಕಲಸುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಒಗೆತವೇ ಅರ್ಧ ಕೆಲಸ

ಬಣ್ಣ ಹಾಕುವುದಕ್ಕೆ ತೋರಿಸುವ ಉತ್ಸಾಹವನ್ನು ಒಗೆಯುವುದಕ್ಕೆ ಯಾರೂ ತೋರಿಸುವುದಿಲ್ಲ. ಸತ್ತ ಬಣ್ಣವನ್ನು ಹೊರಗೆ ಹಾಕುವುದು ಒಗೆತದಿಂದಲೇ. ಅದಕ್ಕೆ ಬೇರೆ ಔಷಧವಿಲ್ಲ.

ಮೊದಲು ಗಂಟು ಬಿಚ್ಚದೆಯೇ ತಣ್ಣೀರಿನಲ್ಲಿ ನಾಲ್ಕೈದು ಸಲ ಜಾಲಿಸಬೇಕು. ಉಪ್ಪು ಸೋಡಗಳೆಲ್ಲ ಹೋಗಲಿ. ಉಪ್ಪು ಉಳಿದಿದ್ದರೆ ಸತ್ತ ಬಣ್ಣ ಜಾಗ ಬಿಡುವುದಿಲ್ಲ. ನೀರು ಬಹುಮಟ್ಟಿಗೆ ತಿಳಿಯಾದ ಮೇಲೆ ತಣ್ಣೀರಿನಲ್ಲಿಯೇ ಗಂಟು ಬಿಚ್ಚಿ, ಇನ್ನೊಮ್ಮೆ ಜಾಲಿಸಿರಿ. ಆಮೇಲೆ ಕುದಿಯುವ ಮಟ್ಟಕ್ಕೆ ಬಂದ ನೀರಿಗೆ ಸ್ವಲ್ಪ ಒಗೆಯುವ ಪುಡಿ ಹಾಕಿ, ಬಟ್ಟೆಯನ್ನು ಹತ್ತು ನಿಮಿಷ ಅದರಲ್ಲಿ ಕೋಲಿನಿಂದ ತಿರುವಬೇಕು. ಗಡಸು ನೀರಾದರೆ ಸಾಬೂನಿಗಿಂತ ಒಗೆಯುವ ಪುಡಿಯೇ ಮೇಲು.

ಈ ಹಂತದಲ್ಲಿ ನೀರು ಕೆಂಪಾಗುವುದನ್ನು ನೋಡಿ ಹೆಂಗಸರು ಎದೆ ಒಡೆದುಕೊಳ್ಳುತ್ತಾರೆ. "ಎಲ್ಲಾ ಬಣ್ಣ ಹೋತ್ರಿ" ಎಂದು ಬಟ್ಟೆಯನ್ನು ಎತ್ತಿಬಿಡುತ್ತಾರೆ. ಎತ್ತಬಾರದು. ಹೋಗುತ್ತಿರುವುದು ಹೋಗಲೇಬೇಕಾದದ್ದು. ಕೊಂಡವರ ಮನೆಯಲ್ಲಿ ಹೋಗುವ ಬದಲು ನಮ್ಮ ಹಿತ್ತಲಿನಲ್ಲಿಯೇ ಹೋಗಲಿ. ಬಿಳಿಯ ಚುಕ್ಕಿಗಳಿಗೆ ಬಣ್ಣ ಹತ್ತೀತು ಎಂಬ ಹೆದರಿಕೆಯೂ ಬೇಡ. ಸತ್ತ ಬಣ್ಣಕ್ಕೆ ಬೆಸೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ, ಬಿಸಿನೀರು ಅದನ್ನು ನಿಲ್ಲಗೊಡುವುದೂ ಇಲ್ಲ. ಆದರೆ ಬಟ್ಟೆಯನ್ನು ಬಿಸಿನೀರಿನಲ್ಲಿಯೇ ಮರೆತು ಆರಲು ಬಿಡಬೇಡಿ. ಬಿಸಿ ಇರುವಾಗಲೇ ನೀರು ಬದಲಿಸಿ, ಇದೇ ರೀತಿ ಎರಡನೆಯ ಸಲ, ಗಾಢ ಕೆಂಪು, ಕಪ್ಪುಗಳಿಗೆ ಮೂರನೆಯ ಸಲವೂ ಮಾಡಬೇಕು. ಸೌದೆ ಸ್ವಲ್ಪ ಹೆಚ್ಚು ಬೇಕೆಂಬುದು ನಿಜ. ಆ ಸೌದೆಯ ಖರ್ಚನ್ನು ಮಾರುವ ಬೆಲೆಯಲ್ಲಿ ಸೇರಿಸಿಕೊಳ್ಳಿ.

ಇನ್ನು ಪರೀಕ್ಷೆ. ಒದ್ದೆ ಬಟ್ಟೆಯ ಮೇಲೆ ಒಗೆದ ಬಿಳಿ ಬಟ್ಟೆಯ ತುಂಡನ್ನು ಇಟ್ಟು, ಮಡಿಸಿ, ಮೇಲೆ ಭಾರ ಹೇರಿ ರಾತ್ರಿ ಬಿಡಿ. ಬೆಳಗ್ಗೆ ಬಿಳಿಯ ತುಂಡು ಬಿಳಿಯಾಗಿಯೇ ಇರಬೇಕು. ಮಾರುವವರಿಗೆ ಇಷ್ಟು ಸಾಲದು. ಪ್ರತಿ ಸಲ ಬಣ್ಣ ಹಾಕುವಾಗ ಅಂಗೈ ಅಗಲದ ತುಂಡನ್ನೂ ಅದೇ ಪಾತ್ರೆಯಲ್ಲಿ ಹಾಕಿ, ಅದೇ ರೀತಿ ಒಗೆದು, ಅದಕ್ಕೆ ಅಷ್ಟೇ ಅಗಲದ ಬಿಳಿ ತುಂಡನ್ನು ಜೋಡಿಸಿ ಹೊಲಿದು, ಸಾಬೂನು ನೀರಿನಲ್ಲಿ ಅರ್ಧ ತಾಸು ಬಿಸಿಮಾಡಿ, ಬಿಚ್ಚಿ ಒಣಗಿಸಿ ನೋಡಬೇಕು. ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಯ ತಿರುಳೂ ಇದೇ. ಅಲ್ಲಿ ಬಣ್ಣದ ಗಟ್ಟಿತನಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 5 ಎಂದರೆ ಎಲ್ಲಕ್ಕಿಂತ ಉತ್ತಮ. ನಮಗೆ ಅಂಕ ಬೇಡ. ಬಿಳಿಯ ತುಂಡು ಬಿಳಿಯಾಗಿ ಉಳಿದರೆ ಮಾರಬಹುದು, ಇಲ್ಲವಾದರೆ ಇನ್ನೊಮ್ಮೆ ಬಿಸಿನೀರಿನ ಒಗೆತ.

ಉಳಿದ ಬಣ್ಣದ ನೀರನ್ನು ಎಲ್ಲೆಂದರಲ್ಲಿ ಚೆಲ್ಲಬೇಡಿರಿ. ಒಂದು ಸಲಕ್ಕೆ ಅರ್ಧ ಕಿಲೋ ಉಪ್ಪು, 100 ಗ್ರಾಂ ಸೋಡ ಅದರಲ್ಲಿದೆ. ಚೌಳು ಭೂಮಿ ಎಂದರೇನೆಂದು ತಮಗೆ ನಾನು ಹೇಳಬೇಕಾಗಿಲ್ಲ. ದಿನವೂ ಕೈತೋಟಕ್ಕೇ ಸುರಿದರೆ ಅಲ್ಲಿ ನುಗ್ಗೆಯೂ ಏಳುವುದಿಲ್ಲ. ಬಾವಿ, ಕೆರೆ, ದನ ನೀರು ಕುಡಿಯುವ ತೊಟ್ಟಿಗಳಿಂದ ದೂರ ಇರಬೇಕು. ದೊಡ್ಡ ಪ್ರಮಾಣದಲ್ಲಿ ಮಾಡುವವರು ಉಪ್ಪಿಲ್ಲದ ಚೀಲದ ವಿಧಾನವನ್ನೇ ಹಿಡಿಯುವುದು ಒಳ್ಳೆಯದು.

ತಾವು ಕೇಳಿದ ಪ್ರಶ್ನೆಗಳು

ಬೆಳಗ್ಗೆ ಕೆಲವರು, ಈಗಾಗಲೇ ಮನೆಯಲ್ಲಿರುವ ಬಣ್ಣ ಬಿಡುವ ಬಟ್ಟೆಗಳಿಗೆ ಏನು ಮಾಡಬೇಕೆಂದು ಕೇಳಿದಿರಿ. ಅದು ರಿಯಾಕ್ಟಿವ್ ಬಣ್ಣದ್ದಾಗಿದ್ದು ಸರಿಯಾಗಿ ಒಗೆದಿರದಿದ್ದರೆ, ಈಗ ಹೇಳಿದ ಬಿಸಿನೀರಿನ ಒಗೆತ ಎರಡು ಮೂರು ಸಲ ಮಾಡಿದರೆ ಬಿಡುವುದು ನಿಲ್ಲುತ್ತದೆ, ಬಟ್ಟೆಯ ಬಣ್ಣವೂ ಉಳಿಯುತ್ತದೆ. ಆದರೆ ಒಗೆದಷ್ಟೂ ಬಿಡುತ್ತಾ ಬಟ್ಟೆ ಮಾಸುತ್ತಾ ಹೋದರೆ ಅದು ಕಚ್ಚಾ ಬಣ್ಣ ಇಲ್ಲವೆ ಸೋಡ ಸಾಲದ ಬಣ್ಣ. ಡೈರೆಕ್ಟ್ ಬಣ್ಣಗಳಿಗೆ ಹಚ್ಚುವ ಡೈ ಫಿಕ್ಸರ್ ಎಂಬ ದ್ರವ ಬಣ್ಣದಂಗಡಿಗಳಲ್ಲಿ ಸಿಗುತ್ತದೆ. ಅದರಿಂದ ಬಿಡುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಅಂಥ ಬಟ್ಟೆಯನ್ನು ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆದು ಮನೆಯಲ್ಲಿ ಉಡಿ, ಮಾರಬೇಡಿ.

ಪಟಿಕ ಹಾಕಿದರೆ ಬಣ್ಣ ನಿಲ್ಲುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ನಿಲ್ಲುತ್ತದೆ, ಆದರೆ ಆ ಬಣ್ಣವೇ ಬೇರೆ. ಮಂಜಿಷ್ಠ, ದಾಳಿಂಬೆ ಸಿಪ್ಪೆ, ಚೆಂಡುಹೂವಿನಂಥ ಗಿಡಮೂಲಿಕೆಯ ಬಣ್ಣಗಳನ್ನು ಎಳೆಗೆ ಹಿಡಿಸುವುದು ಪಟಿಕ. ಹತ್ತಿಗೆ ಅದು ತಾನಾಗಿ ಚೆನ್ನಾಗಿ ಹಿಡಿಯುವುದಿಲ್ಲ. ಮೊದಲು ಅಳಲೆಕಾಯಿಯ ಒಗರು ನೀರಿನಲ್ಲಿ ಬಟ್ಟೆಯನ್ನು ನೆನೆಸಿ, ಆಮೇಲೆ ಪಟಿಕದ ನೀರು, ಅದಾದ ಮೇಲೆ ಬಣ್ಣ. ಬಣ್ಣ ಹಾಕಿ ಮುಗಿದ ಮೇಲೆ ಪಟಿಕದ ನೀರಿನಲ್ಲಿ ಅದ್ದುವುದರಿಂದ ಅಂಗಡಿಯ ಪುಡಿಬಣ್ಣಕ್ಕೆ ಯಾವ ಉಪಯೋಗವೂ ಇಲ್ಲ. ಅರಿಶಿನದ ವಿಷಯ ಕೇಳಲೇಬೇಡಿ, ಅದು ಪಟಿಕ ಹಾಕಿದರೂ ಬಿಸಿಲಿಗೆ ಹಾರಿಹೋಗುತ್ತದೆ. ಗಿಡಮೂಲಿಕೆಯ ಬಣ್ಣಗಳದೇ ಒಂದು ದೊಡ್ಡ ಪಾಠ, ಇನ್ನೊಂದು ದಿನ ನೋಡೋಣ.

ದುಪಟ್ಟಾ ಮಾಡಿದ ಆ ಹೆಣ್ಣುಮಗಳು ಈಗ ಮತ್ತೆ ಈ ಕೆಲಸ ಮಾಡುತ್ತಿದ್ದಾಳೆ. ನಾನು ಹೋಗಿ, ಅವಳ ಹಿತ್ತಿಲಿನಲ್ಲಿಯೇ ನಿಂತು, ಉಳಿದಿದ್ದ ಅದೇ ಕೆಂಪು ಬಣ್ಣದಿಂದ ಎರಡು ದುಪಟ್ಟಾ ಮಾಡಿ ತೋರಿಸಿದೆ. ಮಾರಿದ ಪ್ರತಿಯೊಂದು ಬಟ್ಟೆಯ ಜೊತೆಗೂ ಆಕೆ ಆ ಪರೀಕ್ಷೆಯ ಬಿಳಿ ತುಂಡನ್ನು ಪಿನ್ ಹಾಕಿ ಕೊಡುತ್ತಾಳೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಆಕೆಯೇ ಕಂಡುಕೊಂಡದ್ದು.

ಮಧ್ಯಾಹ್ನ ಊಟವಾದ ಮೇಲೆ ಹೊರಗಿನ ಚಪ್ಪರದಲ್ಲಿ ಸೇರೋಣ. ಒಂದೇ ಪಾತ್ರೆಯಲ್ಲಿ ಬಣ್ಣ ಹಾಕಿದ ಎರಡು ತುಂಡುಗಳಲ್ಲಿ ಒಂದನ್ನು ಉಪ್ಪು ವಿನೆಗರ್ ನೀರಿನಲ್ಲಿಯೂ ಇನ್ನೊಂದನ್ನು ಈ ದಿನ ಹೇಳಿದಂತೆಯೂ ಮಾಡಿ, ಎರಡನ್ನೂ ಬಿಳಿ ಬಟ್ಟೆಯೊಡನೆ ಒಗೆದು ನೋಡುತ್ತೇವೆ. ಗವಸುಗಳು ಇಪ್ಪತ್ತು ಜೊತೆ ಮಾತ್ರ ಇವೆ, ಇಬ್ಬಿಬ್ಬರು ಸೇರಿ ಒಂದು ಜೊತೆ ತೆಗೆದುಕೊಳ್ಳಿ. ಹಳೆಯ ಸೀರೆ ಉಟ್ಟು ಬನ್ನಿ.